ಸಾತವ್ವನ ಸ್ವಿಚ್ಚು

“ಏನ ಸಾತಿ, ಬಲ್ಬ್ ಮಿಣಕಿಸಿ ಮಿಣಕಿಸಿ ನನ್ನ ಬೆರಳ ಸವದ್ವು. ಕುಂಡಿ ಎತ್ತಾಕ ಬ್ಯಾನಿ ಬಂದೈತೇನ ನಿನಗ?”

ಶಿವವ್ವ ಸಾವ್ಕಾರ್ತಿ ಹಿತ್ತಲ ಬಾಗಿಲಲ್ಲಿ ನಿಂತು ಕೂಗುವಷ್ಟರಲ್ಲಿ ಸಾತವ್ವ ಬುಟ್ಟಿ ಹಿಡಿದು ಕೊಟ್ಟಿಗೆಯ ಬಾಗಿಲಿಗೆ ಬಂದೇ ಬಿಟ್ಟಿದ್ದಳು.

“ಬಂದ್ನಿರೆವ್ವಾ, ಬಂದ್ನಿ. ನಿಮ್ಮ ಎಮ್ಮಿ ಏನ ಸೆಗಣಿ ಎತ್ತಿಕೊಂಡ ಓಡಿ ಹೋಗೂದಿಲ್ಲ.”

ಸೋಮಪ್ಪ ಸಾವ್ಕಾರನ ಕೊಟ್ಟಿಗೆಯ ಬೆನ್ನಿಗೇ ಸಾತವ್ವನ ಗುಡಿಸಲು. ಗುಡಿಸಲಿಗೆ ಒಂದೇ ಬಲ್ಬು. ಅದರ ತಂತಿ ಬಂದದ್ದು ಸಾವ್ಕಾರನ ಮನೆಯಿಂದ, ಸ್ವಿಚ್ಚು ಇದ್ದದ್ದು ಸಾವ್ಕಾರನ ಅಡುಗೆಮನೆಯ ಗೋಡೆಯಲ್ಲಿ. ಅವರ ಊಟ ಮುಗಿದರೆ ಇವಳ ಬೆಳಕು ಮುಗಿಯಿತು. ಸಾತವ್ವನ ಬಾಯಲ್ಲಿ ತುತ್ತು ಇತ್ತೋ ಇಲ್ಲವೋ ಯಾರು ಕೇಳಬೇಕು? ನಸುಕಿನಲ್ಲಿ ಬಲ್ಬು ಎರಡು ಸಲ ಮಿಣುಕಿದರೆ ಸೆಗಣಿ ಬಾಚಲು ಬಾ ಎಂದರ್ಥ. ಮೂರು ಸಲ ಮಿಣುಕಿದರೆ ಬೀಗರು ಬಂದಿದ್ದಾರೆ, ಭಾಂಡೆ ತಿಕ್ಕಲು ಬಾ. ಕೂಲಿ ಕೇಳಿದರೆ ಒಂದೇ ಮಾತು: “ಲೈಟ್ ಕೊಟ್ಟಿಲ್ಲೇನ?” ಹೀಗಾಗಿ ಸಾತವ್ವ ಬಲ್ಬಿಗೆ ಮುಖ ಮಾಡಿ ಮಲಗುವುದನ್ನು ಕಲಿತಿದ್ದಳು. ಎಚ್ಚರಾಗುವ ಮೊದಲೇ ಅವಳ ಕೈ ಬುಟ್ಟಿ ಹುಡುಕುತ್ತಿತ್ತು.

ಈಗ ಕಾಲುವೆಯಾಚೆ ಸರಕಾರದ ಜಾಗದಲ್ಲಿ ಅವಳದೇ ಮನೆ ಎದ್ದಿತ್ತು. ಎರಡು ಖೋಲಿ, ಸಿಮೆಂಟಿನ ನೆಲ, ಗೋಡೆಯ ಮೇಲೆ ಬುದ್ಧನದೊಂದು ಫೋಟೋ, ಬಾಬಾಸಾಹೇಬರದೊಂದು ಫೋಟೋ. ಮಗ ಓಂಕಾರ ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಊರೂರು ತಿರುಗುವವ. ಮನೆಯ ಓಡಾಟವೆಲ್ಲ ಗೋಕಾಕದ ಹುಡುಗಿ, ಸೊಸೆ ಆಮ್ರಪಾಲಿಯದು. ಎಲ್ಲ ಆಗಿತ್ತು, ಮೀಟರೊಂದು ಬಾಕಿ.

“ಮೀಟರ್ ಬರೂತನಕ ನಾ ಹೊಸ್ತಿಲ ದಾಟೂದಿಲ್ಲ,” ಎಂದಿದ್ದಳು ಸಾತವ್ವ. “ಕತ್ತಲ ಮನಿಗಿ ಹೋದ್ರ ಮತ್ತ ಅವರ ಬಾಗಿಲಿಗೇ ತಂತಿ ಬೇಡಾಕ ಹೋಗಬೇಕ. ಆ ಮನಿ ಇದ್ದೂ ಏನ್ ಬಂತ?”

ಲೈನ್‌ಮನ್ ಪ್ರಭು ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದ. ಕೊನೆಯ ಕಂಬ ಸಾವ್ಕಾರನ ಹೊಲದ ಬದುವಿನ ಮೇಲಿತ್ತು. ಅಲ್ಲಿಂದ ಕಬ್ಬಿನ ಒಂದು ಮೂಲೆಯನ್ನೂ ಕಾಲುವೆಯನ್ನೂ ದಾಟಿಸಿ ತಂತಿ ಎಳೆಯಬೇಕು. ಪ್ರಭು ಕಂಬ ಹತ್ತಿದ್ದೇ ತಡ, ಸೋಮಪ್ಪ ಧೋತರ ಎತ್ತಿ ಹಿಡಿದು ಓಡಿ ಬಂದ.

“ಏ ಬೋಸುಡಿಕೆ, ಇಳಿ ಕೆಳಗ! ಆ ಕೇರಿ ಮಂದಿ ಕರೆಂಟ್ ನಮ್ಮ ಕಬ್ಬಿನ ಮ್ಯಾಲ ಹಾಯ್ತೈತೇನ? ಹೊಲದಾಗ ನಮ್ಮ ದೇವ್ರ ಅದಾನ. ಮೈಲಿಗಿ ಆಗತೈತಿ.”

ಸಾತವ್ವ ಆಮ್ರಪಾಲಿಯ ಜತೆ ಬದುವಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

“ಕರೆಂಟ್ ಮುಟ್ಟಿದ್ರ ಮೈಲಿಗಿ ಆಗೂದಿಲ್ರಿ ಸಾವ್ಕಾರ್ರ. ಜೀವ ಹೋಗತೈತಿ.”

ಕಂಬದ ಮೇಲಿದ್ದ ಪ್ರಭು ಕಿಸಕ್ಕನೆ ನಕ್ಕ. ನಕ್ಕರೂ ಇಳಿದ. “ನಾ ಏನ್ ಮಾಡ್ಲಿ ಕಾಕು? ಸಾಹೇಬ್ರ ಹೇಳಬೇಕ.” ಸಾವ್ಕಾರ ಗೊಣಗುತ್ತ ದೂರ ಹೋದ ಮೇಲೆ, ತಂತಿ ಸುತ್ತುತ್ತ ಅವನೇ ಕೇಳಿದ: “ಅಲ್ಲ, ಇಷ್ಟ ದಿನಾ ಲೈಟಿಗೆ ಅವರಿಗೆ ಏನ್ ಕೊಡ್ತಿದ್ರಿ?”

“ಸೆಗಣಿ ಬಾಚ್ತೇನಿ, ಭಾಂಡೆ ತಿಕ್ಕತೇನಿ.”

“ಅವರ ಬಿಲ್ ಸೊನ್ನಿ ಬರತೈತಿ ಕಾಕು! ಎಲ್ಲಾರ ಮನಿಗೂ ಸರಕಾರ ಪುಕ್ಕಟ ಕೊಟ್ಟೈತಲ್ಲ. ಎರಡ ವರ್ಷ ಮ್ಯಾಲಾತು.”

ಸಾತವ್ವನ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಆಮೇಲೆ ಅವಳು ನಗತೊಡಗಿದಳು. ಕಣ್ಣಲ್ಲಿ ನೀರು ಬಂದರೂ ನಗು ನಿಲ್ಲಲಿಲ್ಲ.

“ಹಾಟ್ಯಾನ ಮಗಾ! ಪುಕ್ಕಟ ಬಂದ ಬೆಳಕಿಗೆ ನನ್ನ ಕಡಿಂದ ಸೆಗಣಿ ಹೊರಿಸಿದ್ನಾ? ಪಾಲಿ, ನಡಿ. ಆಫೀಸಿಗೆ ಹೋಗೂಣು. ರೊಟ್ಟಿ ಕಟ್ಟು.”

ಕರೆಂಟಿನ ಆಫೀಸಿನಲ್ಲಿ ಸಾಹೇಬ ಇವರನ್ನು ಬಾಗಿಲಲ್ಲೇ ನಿಲ್ಲಿಸಿದ. ಮಧ್ಯಾಹ್ನದವರೆಗೆ ಅವನ ಫೋನು ಮುಗಿಯಲಿಲ್ಲ. ಮುಗಿದಾಗಲೂ ಮುಖ ನೋಡದೆ ಅಂದ: “ಸಾವ್ಕಾರ್ರನ್ನ ಒಪ್ಪಿಸಿಕೊಂಡ ಬರ್ರಿ. ದೊಡ್ಡ ಮಂದಿ ಕೂಡ ನಮಗ್ಯಾಕ ಜಗಳ?”

ಆಮ್ರಪಾಲಿ ಬಾಯಿ ತೆರೆಯುವ ಮೊದಲೇ ಸಾತವ್ವ ಒಳಗೆ ನಡೆದು ಅವನೆದುರಿನ ಕುರ್ಚಿಯಲ್ಲಿ ಕೂತಳು. ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡಳು.

“ಸಾಹೇಬ್ರ, ಕಂಬ ಯಾರ್ದರಿ?”

“ಕಂಬ ನಮ್ದು.”

“ತಂತಿ?”

“ಅದೂ ನಮ್ದ.”

“ಮತ್ತ ಸಾವ್ಕಾರ್ರದ ಏನೈತ್ರಿ ನಡುವ? ಗಾಳಿ?”

ಹಿಂದೆ ಸಾಲಿನಲ್ಲಿ ನಿಂತಿದ್ದ ಜನ ಗೊಳ್ಳೆಂದರು. ಸಾಹೇಬನ ಕಿವಿ ಕೆಂಪಾಯಿತು. “ಏ ಮುದುಕಿ, ಏಳ ಮ್ಯಾಲ! ಹೊರಗ ನಡಿ!”

“ಏಳತೇನಿ. ಗ್ವಾಡಿ ಮ್ಯಾಲ ಮೀಟರ್ ಕುಂತ ಕೂಡ್ಲೆ ನಾ ಏಳತೇನಿ.” ಸಾತವ್ವ ಮೇಜಿನ ಮೇಲೆ ಗಂಟು ಬಿಚ್ಚಿದಳು. ಕಾರದಪುಡಿ ಹಚ್ಚಿದ ಜೋಳದ ರೊಟ್ಟಿಯ ವಾಸನೆ ಆಫೀಸೆಲ್ಲ ತುಂಬಿತು. “ಬಾ ಪಾಲಿ, ಉಣ್ಣು. ಸಾಹೇಬ್ರ, ನೀವೂ ಒಂದ ತುತ್ತ ತಗೋರಿ. ಮೈಲಿಗಿ ಗೀಲಿಗಿ ಆಗೂದಿಲ್ಲಲ್ಲ ನಿಮಗ?”

ಸಾಹೇಬ ರೊಟ್ಟಿಯನ್ನು ನೋಡಿದ. ಸಾಲಿನಲ್ಲಿದ್ದವರು ಸಾಹೇಬನನ್ನು ನೋಡಿದರು. ಯಾರೋ ಫೋನು ಎತ್ತಿ ಹಿಡಿದು ಫೋಟೋ ಹೊಡೆದರು. ಸಾಹೇಬ ಗಂಟಲು ಸರಿಮಾಡಿಕೊಂಡು ಕೂಗಿದ: “ಪ್ರಭೂ! ನಾಳೆ ಇವರ ತಂತಿ ಎಳದ ಮುಗಿಸು. ಯಾರರೆ ಅಡ್ಡ ಬಂದ್ರ ನನಗ ಫೋನ್ ಹಚ್ಚು.”

ಸೋಮಪ್ಪ ಅಡ್ಡ ಬರಲಿಲ್ಲ. ಬೈಗುಳ ಮಾತ್ರ ಕಬ್ಬಿನೊಳಗಿನಿಂದ ಬಂತು, ತಲೆ ಕಾಣಲಿಲ್ಲ. ಸಂಜೆಯ ಹೊತ್ತಿಗೆ ಗೋಡೆಯ ಮೇಲೆ ಮೀಟರು ಕೂತಿತು. ಕೇರಿಯ ಹೆಂಗಸರೆಲ್ಲ ನೆರೆದರು. ಬುದ್ಧವಂದನೆ ಆಯಿತು, ಚುರುಮುರಿ, ಚಹಾ ಆಯಿತು. ಸಾತವ್ವ ಬಲಗಾಲಿಟ್ಟು ಒಳಬಂದು ಸ್ವಿಚ್ಚು ಒತ್ತಿದಳು. ಮುಂದಿನ ಪಡಸಾಲೆಯ ಬಲ್ಬು ಹತ್ತಿತು. ಅವಳು ಅದನ್ನು ಆರಿಸುವುದಿಲ್ಲ ಎಂದು ಹಠ ಹಿಡಿದಳು. ಹಾಗೇ ಉರಿಯುತ್ತಿದ್ದ ಬಲ್ಬಿಗೆ ಮುಖ ಮಾಡಿ ಮಲಗಿದಳು.

ನಸುಕಿನಲ್ಲಿ ಕರೆಂಟು ಜೋಲಿ ಹೊಡೆಯಿತು. ಬಲ್ಬು ಎರಡು ಸಲ ಮಿಣುಕಿತು.

ಸಾತವ್ವ ದಡಕ್ಕನೆ ಎದ್ದಳು. ಬುಟ್ಟಿ ಸಿಗಲಿಲ್ಲ, ಅಡುಗೆಯ ತಪ್ಪೇಲಿ ಸಿಕ್ಕಿತು. ಅದನ್ನೇ ಕಂಕುಳಲ್ಲಿ ಇರುಕಿಕೊಂಡು ಅಂಗಳಕ್ಕೆ ಇಳಿದಳು.

“ಅತ್ತಿ! ಎಲ್ಲಿಗಿ?” ಆಮ್ರಪಾಲಿ ಹೊದಿಕೆಯೊಳಗಿನಿಂದ ಕೂಗಿದಳು. “ಅದು ನಮ್ಮ ಬಲ್ಬ!”

ಸಾತವ್ವ ನಿಂತಳು. ತಪ್ಪೇಲಿ ನೋಡಿಕೊಂಡಳು. ಸೊಸೆ ನಗುತ್ತಿದ್ದಳು, ಇವಳಿಗೆ ನಗು ಬರಲಿಲ್ಲ. ಕಾಲುವೆಯಾಚೆ ಬರಿದಾದ ಗುಡಿಸಲಿನಲ್ಲಿ ಹಳೆಯ ಬಲ್ಬು ಮಿಣುಕುತ್ತಲೇ ಇತ್ತು. ಎರಡು ಸಲ. ತಡೆದು, ಮತ್ತೆ ಎರಡು ಸಲ. ಆಮೇಲೆ ಅದು ಸುಮ್ಮನಾಯಿತು. ಕೊಟ್ಟಿಗೆಯ ದೀಪದಡಿ ಶಿವವ್ವ ಸಾವ್ಕಾರ್ತಿ ಸೀರೆ ಮೇಲೆತ್ತಿ ಕಟ್ಟಿ, ಒಂದು ಕೈಯಲ್ಲಿ ಮೂಗು, ಇನ್ನೊಂದು ಕೈಯಲ್ಲಿ ಬುಟ್ಟಿ ಹಿಡಿದು ಎಮ್ಮೆಗಳ ನಡುವೆ ನಿಂತಿದ್ದಳು.

ಸಾತವ್ವ ಒಳಗೆ ಬಂದಳು. ತಪ್ಪೇಲಿಯನ್ನು ಅದರ ಜಾಗದಲ್ಲಿಟ್ಟಳು. ಸ್ವಿಚ್ಚಿನ ಮುಂದೆ ನಿಂತು ಒಂದು ಸಲ ಆರಿಸಿ ಹಚ್ಚಿದಳು. ಇನ್ನೊಂದು ಸಲ ಆರಿಸಿ ಹಚ್ಚಿದಳು.

ಕಾಲುವೆಯಾಚೆ ಸಾವ್ಕಾರ್ತಿ ತಲೆ ಎತ್ತಿ ಈ ಕಡೆ ನೋಡಿದಳು.

“ಬರ್ತಾಳೇನ ನೋಡೂಣು,” ಎಂದು ಸಾತವ್ವ ಮತ್ತೆ ಸ್ವಿಚ್ಚಿನ ಮೇಲೆ ಬೆರಳಿಟ್ಟಳು.