ಬೆಳದಿಂಗಳ ಬಂಡೆಯ ಹಲಗೆ

ಒಂದೂರಿನಲ್ಲಿ ಎಂದು ಶುರು ಮಾಡೋಣವೆಂದರೆ ಆಗ ಊರೇ ಇರಲಿಲ್ಲವಂತೆ. ದೊಡ್ಡ ಸರೋವರವಿತ್ತು, ಅದರ ದಡಕ್ಕೊಂದು ಗುಡ್ಡ, ಗುಡ್ಡದ ನೆತ್ತಿಗೊಂದು ಬಂಡೆ. ಆ ಕಾಡಿಗೆಲ್ಲ ನಾಯಕನಾದವನಿಗೆ ಬೆಳದಿಂಗಳು ಎಂಬ ಮಗಳಿದ್ದಳು. ಅವಳು ಮನಸ್ಸು ಕೊಟ್ಟದ್ದು ಅಪ್ಪನ ಹಗೆಯವರ ಹುಡುಗನಿಗೆ. ಅಪ್ಪ ಒಪ್ಪಲಿಲ್ಲ. ಹುಣ್ಣಿಮೆಯ ದಿನ ಅವಳು ಮುಡಿಗೊಂದು ಬಿಳಿ ಗರಿ ಸಿಕ್ಕಿಸಿಕೊಂಡು ಬಂಡೆಯ ತುದಿಗೆ ಬಂದಳು, ನೀರನ್ನೊಮ್ಮೆ ನೋಡಿದಳು, ಹಾರಿಬಿಟ್ಟಳು. ಇವತ್ತಿಗೂ ಗಾಳಿ ಬೀಸುವಾಗ ಕಿವಿಗೊಟ್ಟರೆ ಅವಳ ಅಳು ಕೇಳಿಸುತ್ತದೆ.

ಅಮೆರಿಕದ ಡುಲೂತ್ ನಗರ ತೋರಿಸುವ ಕೆಂಪು ಬಸ್ಸಿನಲ್ಲಿ ಕೈಸಾ ಲೆಹ್ಟೊ ಈ ಕಥೆಯನ್ನು ಯಾವಾಗಲೂ ಕಡೆಗೆ ಉಳಿಸಿಕೊಳ್ಳುತ್ತಿದ್ದಳು. ಬಸ್ಸು ಓಡಿಸುವವಳೂ ಅವಳೇ, ಮಾತಾಡುವವಳೂ ಅವಳೇ. ಮೊದಲು, ಹಡಗು ಬಂದಾಗ ಮೇಲಕ್ಕೇಳುವ ಸೇತುವೆ. ಅದಿರಿನ ಹಡಗು ಕೂಗಿ, ಸೇತುವೆ ಮರುಕೂಗಿ, ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೈಬೀಸುವ ಜಾಗ. ಆಮೇಲೆ ಹಳೆಯ ರೈಲುಗಳ ಸಂಗ್ರಹಾಲಯ, ಗುಲಾಬಿ ತೋಟ, ಬಣ್ಣದ ಕಲ್ಲು ಸಿಗುವ ದಂಡೆ. ಕೊನೆಗೆ ಗುಡ್ಡ ಹತ್ತಿ ಬೆಳದಿಂಗಳ ಬಂಡೆ. ಅಲ್ಲಿ ಎರಡು ಕಂಬಗಳ ನಡುವೆ ದೇವದಾರಿನ ದೊಡ್ಡ ಹಲಗೆ. ಅದರಲ್ಲಿ ಗರಿ ಮುಡಿದ ಹುಡುಗಿಯ ಮುಖ, ಕೆಳಗೆ ಕೊರೆದ ಅಕ್ಷರಗಳಲ್ಲಿ ಕಥೆ. ಕೈಸಾ ಕಥೆ ಮುಗಿಸಿ ಸುಮ್ಮನಾಗುತ್ತಿದ್ದಳು. ಗಾಳಿಗೆ ಮಿಕ್ಕದ್ದನ್ನು ಬಿಡುತ್ತಿದ್ದಳು. ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

ಕಥೆ ಅವಳಿಗೆ ಬಂದದ್ದು ಅಜ್ಜಿಯಿಂದ. ಮುಮ್ಮು ಎಂದೇ ಎಲ್ಲರೂ ಕರೆಯುವ, ಫಿನ್ಲೆಂಡ್ ಮೂಲದ ಹಿಲ್ಮಾ ಲೆಹ್ಟೊ, ಸೌನಾ ಎಂಬ ಹಬೆಕೋಣೆಯ ಬಿಸಿಯಲ್ಲಿ ಮೊಮ್ಮಗಳ ಬೆನ್ನು ತಿಕ್ಕುತ್ತ ಹೇಳಿದ ಕಥೆಗಳಿಗೆ ಲೆಕ್ಕವಿಲ್ಲ. ನೀರಿನಡಿಯ ಮುದುಕ, ಮಾತಾಡುವ ಕರಡಿ, ಬೆಳದಿಂಗಳು. ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತಿದ್ದವು, ಎಲ್ಲವೂ ಕೈಸಾಳಿಗೆ ಒಂದೇ ಸಮ ನಿಜವಾಗಿದ್ದವು.

ಆಗಸ್ಟಿನ ಒಂದು ಮಧ್ಯಾಹ್ನ ಕಥೆ ಮುಗಿದು ಮಿಕ್ಕವರೆಲ್ಲ ಬಸ್ಸಿಗೆ ಹಿಂದಿರುಗಿದರೂ ಒಬ್ಬ ಹಿರಿಯ ಹೆಂಗಸು ಹಲಗೆಯ ಮುಂದೆಯೇ ನಿಂತಿದ್ದಳು. ಬಿಳಿ ಕೂದಲಿನ ಉದ್ದ ಜಡೆ, ನೀಲಿ ಕೋಟು.

"ಏನಾದ್ರೂ ಕೇಳ್ಬೇಕಿತ್ತಾ, ಮೇಡಂ?"

"ಅರ್ಡಿತ್ ಅಂತ ಕರಿ, ಸಾಕು. ಅರ್ಡಿತ್ ಮಾರ್ಟಿನೋ." ಅವಳು ತಿರುಗಲಿಲ್ಲ. "ಈ ಹುಡುಗಿ ಯಾರ ಪೈಕಿ?"

"ಒಜಿಬ್ವೆ ಜನರ... ಇಲ್ಲಿನ ಮೂಲನಿವಾಸಿಗಳ..."

"ನಾನೂ ಅವರೇ. ಅದಕ್ಕೇ ಕೇಳ್ದೆ, ಯಾರ ಮನೆಯವಳು ಅಂತ."

ಕೈಸಾಳ ಕಿವಿ ಬಿಸಿಯಾಯಿತು. "ಅದು... ಹಳೇ ಕಥೆ."

"ಹೌದಾ? ಬಾ ಇಲ್ಲಿ." ಅರ್ಡಿತ್ ಅವಳ ತೋಳು ಹಿಡಿದು ಬಂಡೆಯ ಅಂಚಿಗೆ ಕರೆದೊಯ್ದಳು. "ಬಗ್ಗಿ ನೋಡು. ಇಲ್ಲಿಂದ ಹಾರಿದ್ರೆ ಎಲ್ಲಿಗೆ ಬೀಳ್ತಾಳೆ?"

ಕೈಸಾ ಬಗ್ಗಿದಳು. ಇಷ್ಟು ವರ್ಷ ಅವಳು ನೋಡಿದ್ದು ದೂರದ ನೀರನ್ನು ಮಾತ್ರ. ಬಂಡೆಯ ಬುಡದಲ್ಲಿ, ಆಳೆತ್ತರದಷ್ಟೇ ಕೆಳಗೆ, ಬ್ಲೂಬೆರಿ ಪೊದೆಗಳು ಹರಡಿಕೊಂಡಿದ್ದವು. ಸರೋವರ ಎಲ್ಲೋ ಊರಿನ ಆಚೆಗಿತ್ತು.

"ಮಂಡಿ ತರಚತ್ತೆ, ಅಷ್ಟೆ," ಎಂದಳು ಅರ್ಡಿತ್. ನಕ್ಕಳು. ಆ ನಗುವಿನಲ್ಲಿ ಕೋಪವಿರಲಿಲ್ಲ, ಅದನ್ನೇ ಕೈಸಾಳಿಗೆ ತಡೆದುಕೊಳ್ಳಲಾಗಲಿಲ್ಲ. "ನಮ್ಮಮ್ಮ ನನ್ನ ಇಲ್ಲಿಗೇ ಹಣ್ಣು ಬಿಡಿಸೋಕೆ ಕರ್ಕೊಂಡು ಬರ್ತಿದ್ಲು. ಬಕೀಟಿಗಿಂತ ಹೊಟ್ಟೆಗೆ ಜಾಸ್ತಿ ಹೋಗ್ತಿತ್ತು. ಈ ಜಾಗದ ಕಥೆ ನಂಗೆ ಗೊತ್ತಿರೋದು ಅಷ್ಟೇನಪ್ಪ. ಬ್ಲೂಬೆರಿ." ಮತ್ತೆ ಹಲಗೆಯ ಕಡೆ ನೋಡಿದಳು. "ಒಂದು ಕೇಳ್ತೀನಿ. ಅಪ್ಪ ಇದಾನೆ, ಹಗೆಯೋರಿದಾರೆ, ಚಂದ್ರ ಇದಾನೆ. ಈ ಹುಡುಗಿಗೆ ಅಮ್ಮ ಇರ್ಲಿಲ್ವಾ? ಮಗಳು ಎಲ್ಲಿ ಅಂತ ಯಾರೂ ಹುಡುಕ್ಕೊಂಡು ಬರ್ಲಿಲ್ವಾ?"

ಕೈಸಾ ಹಲಗೆಯ ಅಕ್ಷರಗಳ ಮೇಲೆ ಮತ್ತೊಮ್ಮೆ ಕಣ್ಣಾಡಿಸಿದಳು.

"ಸೆಪ್ಟೆಂಬರ್ ಕೊನೇಲಿ ನನ್ನ ಮೊಮ್ಮಗಳ ಕ್ಲಾಸಿನೋರು ಗಿಡುಗ ನೋಡೋಕೆ ಈ ಗುಡ್ಡಕ್ಕೆ ಬರ್ತಾರೆ. ಈಗೀಗ ಓದೋಕೆ ಕಲ್ತಿದಾಳೆ. ಕಂಡಿದ್ದನ್ನೆಲ್ಲ ಜೋರಾಗಿ ಓದ್ತಾಳೆ."

"ಅಷ್ಟ್ರಲ್ಲಿ ಈ ಹಲಗೆ ಇಲ್ಲಿರಲ್ಲ," ಎಂದಳು ಕೈಸಾ. ಯೋಚಿಸಿ ಹೇಳಿದ್ದಲ್ಲ. "ಮಾತು ಕೊಡ್ತೀನಿ. ನಾನೇ ತೆಗೀತೀನಿ."

ಮಾತು ಕೊಟ್ಟದ್ದೇನೋ ಸುಲಭವಾಗಿತ್ತು. ಆದರೆ ಆ ಹಲಗೆಯನ್ನು ಕೆತ್ತಿದವನು ಅವಳ ಅಜ್ಜ. ಅದರಲ್ಲಿದ್ದ ಮುಖ ಯಾವ ನಾಯಕನ ಮಗಳದ್ದೂ ಅಲ್ಲ, ಮದುವೆಯಾದ ಹೊಸತರಲ್ಲಿನ ಮುಮ್ಮುವಿನದು. ಉಬ್ಬಿದ ಕೆನ್ನೆ, ಸುತ್ತಿಕೊಂಡ ಜಡೆ, ಮನೆಯ ಹಿತ್ತಿಲಿನ ಬಿಳಿ ಕೋಳಿಯ ಗರಿ. ಅಜ್ಜ ತೀರಿಕೊಂಡ ಮೇಲೆ ಭಾನುವಾರಗಳಲ್ಲಿ ಮುಮ್ಮು ಬಸ್ಸಿನ ಮೊದಲ ಸೀಟಿನಲ್ಲಿ ಕುಳಿತು ಬರುತ್ತಿದ್ದಳು, ಇಳಿದು ಹಲಗೆಯನ್ನೊಮ್ಮೆ ತಟ್ಟುತ್ತಿದ್ದಳು. ಗೋರಿಗೆ ಮಾತ್ರ ಹೋಗುತ್ತಿರಲಿಲ್ಲ. "ಅಲ್ಲಿ ಅವನ ಕೈಕೆಲ್ಸ ಏನಿದೆ?" ಎನ್ನುತ್ತಿದ್ದಳು.

ಮರುದಿನವೇ ಕೈಸಾ ಕಥೆಯನ್ನು ಬಿಡಬೇಕಿತ್ತು. ಆದರೆ ಬಂಡೆಯ ಬಳಿ ಒಬ್ಬಾತ, "ಆ ಹುಡುಗಿ ಕಥೆ ನೀವು ತುಂಬ ಚೆನ್ನಾಗಿ ಹೇಳ್ತೀರಂತೆ, ನಮ್ಮಕ್ಕ ಹೇಳಿ ಕಳಿಸಿದಾಳೆ," ಎಂದ. ಎಲ್ಲರೂ ಅವಳ ಬಾಯಿ ನೋಡುತ್ತ ನಿಂತರು. ಕೈಸಾ ಹೇಳಿದಳು. ಗರಿ, ಹುಣ್ಣಿಮೆ, ಅಳು, ಒಂದನ್ನೂ ಬಿಡಲಿಲ್ಲ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯನ್ನು ಹೊತ್ತುಕೊಂಡೇ ಬಸ್ಸು ಇಳಿಸಿದಳು. ಕನ್ನಡಿಯಲ್ಲಿ ಪ್ರಯಾಣಿಕರನ್ನು ನೋಡಬೇಕಾದಾಗಲೆಲ್ಲ ತನ್ನ ಕಣ್ಣು ಸಿಗದ ಹಾಗೆ ನೋಡಿದಳು.

ಸೆಪ್ಟೆಂಬರ್ ಬಂತು. ಮೇಪಲ್ ಮರಗಳ ತುದಿ ಕೆಂಪಾಯಿತು, ಗಿಡುಗಗಳು ದಕ್ಷಿಣಕ್ಕೆ ಸಾಗತೊಡಗಿದವು, ದುರ್ಬೀನಿನವರು ಗುಡ್ಡದ ಮೇಲೆ ಮಡಚುವ ಕುರ್ಚಿ ಹಾಕಿ ಕುಳಿತರು. ಕೈಸಾ ಉದ್ಯಾನ ಕಚೇರಿಗೆ ಹೋಗಿ ಹಲಗೆ ತೆಗೆಯಬಹುದೇ ಎಂದು ಕೇಳಿದಳು. ಅಡ್ಡಿ ಮಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. "ನಿಮ್ಮಜ್ಜ ಹಾಕಿದ್ದು, ನೀವೇ ತೆಗೀರಿ, ನಮ್ದೇನೂ ತಕರಾರಿಲ್ಲ," ಎಂದರು.

ಮುಮ್ಮುವಿಗೆ ಹೇಳುವ ಧೈರ್ಯ ಮಾತ್ರ ಬರಲಿಲ್ಲ. ಕದ್ದು ತೆಗೆದು, ಗಾಳಿಗೆ ಬಿತ್ತು ಎಂದುಬಿಡೋಣವೆಂದು ಒಂದು ಬೆಳಗ್ಗೆ ಪಾನಾ ಹಿಡಿದು ಹೊರಟಳು. ಹಲಗೆಯ ಮುಂಭಾಗದಲ್ಲಿ ಬೋಲ್ಟಿನ ಗುಂಡು ತಲೆಗಳು ಮಾತ್ರ ಇದ್ದವು, ಪಾನಾ ಕಚ್ಚಲು ಅಂಚೇ ಇಲ್ಲ. ಮೀಟಿದಳು, ಬಡಿದಳು. ತುಕ್ಕು ಉದುರಿತು, ಹಲಗೆ ಅಲುಗಲಿಲ್ಲ. ಓಡುತ್ತ ಬಂದ ಒಬ್ಬಾತ ನಿಂತು, "ರಿಪೇರಿನಾ? ಪಾಪ, ಇಂಥ ಹಳೇದನ್ನ ಕಾಪಾಡೋರು ಇನ್ನೂ ಇದಾರಲ್ಲ, ಪುಣ್ಯ!" ಎಂದು ಹೇಳಿ ಮುಂದೆ ಓಡಿದ. ಕೈಸಾ ಪಾನಾವನ್ನು ಕೋಟಿನೊಳಗೆ ಬಚ್ಚಿಟ್ಟುಕೊಂಡಳು. ಕಳ್ಳಿಯೆಂದು ಹಿಡಿದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಅವಳು ಬಂದಾಗ ಮುಮ್ಮು ಏಲಕ್ಕಿಯ ಪುಲ್ಲಾ ಬ್ರೆಡ್ಡು ಹೆಚ್ಚುತ್ತಿದ್ದಳು.

"ಕೈ ಏನೇ ಅದು? ತುಕ್ಕು ತಿಂದಂಗಿದೆ."

"ಬಸ್ಸಿಂದು."

"ಬಸ್ಸಿಗೆ ಕೆಂಪು ಬಣ್ಣ ಇದೆ, ತುಕ್ಕಿಲ್ಲ. ನಂಗೆ ಕಣ್ಣು ಹೋಗಿಲ್ಲ ಇನ್ನೂ. ಕೂತ್ಕೊ."

ಕೈಸಾ ಕುಳಿತಳು. ಕಾಫಿ ಆರುವ ತನಕ ಹೇಳಿದಳು. ಅರ್ಡಿತ್ ಬಂದದ್ದು, ಮಾತು ಕೊಟ್ಟದ್ದು, ಮರುದಿನ ಮತ್ತೆ ಕಥೆ ಹೇಳಿದ್ದು, ಈ ಬೆಳಗಿನ ಕಳ್ಳತನ. ತಲೆ ಎತ್ತಲಿಲ್ಲ.

"ಗಾಳಿಗೆ ಬಿತ್ತು ಅಂತ ನಂಗೆ ಹೇಳೋಳಿದ್ದೆ."

"ಹೂಂ."

"ಅವನು ಚಳಿಗಾಲ ಪೂರ್ತಿ ಕೂತು ಕೆತ್ತಿದ್ದು ಕಣೇ ಅದು! ನಾನು ಅಲ್ಲಾಡ್ದೆ ಕೂತಿದ್ದೆ, ಕುತ್ತಿಗೆ ಹಿಡ್ಕೊಂಡಿತ್ತು." ಮುಮ್ಮು ಚಾಕು ಇಟ್ಟಳು. "ಸುತ್ತಮುತ್ತ ಊರೂರಿನ ಬಂಡೆಗೂ ಒಬ್ಬೊಬ್ಬ ಹಾರ್ಕೊಂಡ ಹುಡುಗಿ ಇದ್ಲು. ನಮ್ಮ ಬಂಡೆಗೆ ಇರ್ಲಿಲ್ಲ. ನಾನೇ ಒಂದು ಕಥೆ ಕಟ್ಟಿ ಹಾಕ್ದೆ. ಅದ್ರಲ್ಲೇನು? ಕಥೆ ತಾನೆ?"

"ಅವರು ಇನ್ನೊಂದು ಕೇಳಿದ್ರು, ಮುಮ್ಮು."

"ಏನಂತೆ?"

"ಆ ಹುಡುಗಿಗೆ ಅಮ್ಮ ಇರ್ಲಿಲ್ವಾ ಅಂತ."

ಮುಮ್ಮು ಸಕ್ಕರೆಯ ಗಟ್ಟಿಯೊಂದನ್ನು ಹಲ್ಲಿನ ನಡುವೆ ಇಟ್ಟುಕೊಂಡು ಆರಿದ ಕಾಫಿಯನ್ನು ಅದರ ಮೂಲಕ ಹೀರಿದಳು. ಅವಳ ಕುತ್ತಿಗೆಯಿಂದ ಕೆಂಪು ನಿಧಾನವಾಗಿ ಮೇಲೇರಿ ಕೆನ್ನೆಗೆ ಬಂತು. ಅಜ್ಜಿ ನಾಚಿಕೊಂಡದ್ದನ್ನು ಕೈಸಾ ಹುಟ್ಟಿದ ಮೇಲೆ ಕಂಡದ್ದು ಅದೇ ಮೊದಲು. ನೋಡಬಾರದ್ದನ್ನು ನೋಡಿದಂತೆ ಕಿಟಕಿಯ ಕಡೆ ತಿರುಗಿದಳು.

"ಮರ್ತೆ," ಎಂದಳು ಮುಮ್ಮು. "ನೀರಿನಡಿ ಮುದುಕನಿಗೂ ಒಬ್ಬಳು ತಾಯೀನ ಇಟ್ಟಿದೀನಿ. ಕರಡಿಗೂ ಇಟ್ಟಿದೀನಿ. ಇವಳಿಗೆ ಇಡೋದು ಹೊಳೀಲೇ ಇಲ್ಲ." ಕಾಫಿಯ ಬಟ್ಟಲು ಸರಿಸಿ, "ಬೇರೆಯೋರ ಹುಡುಗಿ ನೋಡು. ಅದಕ್ಕೇ."

ಎದ್ದಳು, ಬಾಗಿಲ ಹಿಂದಿನ ಕೋಟು ತೆಗೆದುಕೊಂಡಳು.

"ಎಲ್ಲಿಗೆ, ಮುಮ್ಮು?"

"ನೀನೊಬ್ಬಳೇ ಹೋದ್ರೆ ಹಿಮ ಬಿದ್ರೂ ಹಲಗೆ ಕೈಗೆ ಬರಲ್ಲ. ಕುಡುಕ ಹುಡುಗ್ರು ಕದ್ದಾರು ಅಂತ ನಿಮ್ಮಜ್ಜ ಮಾಡಿದ ಕಿತಾಪತಿ ನಂಗೊಬ್ಬಳಿಗೇ ಗೊತ್ತು. ಉಳಿ ತಗೋ."

ಬಂಡೆಯ ಬಳಿ ದುರ್ಬೀನಿನವರು ಆಕಾಶದಿಂದ ಕಣ್ಣು ಇಳಿಸಿ ಇವರನ್ನು ನೋಡಿದರು. ಮುಮ್ಮು ಯಾರನ್ನೂ ನೋಡದೆ ಹಲಗೆಯ ಹಿಂದಕ್ಕೆ ಹೋಗಿ ಕಂಬಗಳನ್ನು ತಡವಿದಳು.

"ಮರದ ಗಂಟು ಥರ ಕಾಣ್ತಿವೆಯಲ್ಲ, ಅವು ಗಂಟಲ್ಲ. ಬೆಣೆ. ಮೇಲೆ ಟಾರು ಬಳಿದಿದಾನೆ. ಎಬ್ಬಿಸು."

ಉಳಿಗೆ ಬೆಣೆಗಳು ಎದ್ದವು. ಒಳಗಿನ ಕುಳಿಗಳಲ್ಲಿ ನಟ್ಟುಗಳು ತುಕ್ಕಿಲ್ಲದೆ, ಅಜ್ಜ ಮೆತ್ತಿದ್ದ ಗ್ರೀಸಿನಲ್ಲಿ ಹಾಗೆಯೇ ಮಿನುಗುತ್ತಿದ್ದವು. ಪಾನಾ ಹಾಕಿದೊಡನೆ ತಿರುಗಿದವು.

"ಏನಜ್ಜಿ, ಬೆಳದಿಂಗಳನ್ನೇ ಮನೆಗೆ ಕರ್ಕೊಂಡು ಹೋಗ್ತಿದೀರಾ?" ದುರ್ಬೀನಿನವರಲ್ಲೊಬ್ಬ ಕೂಗಿದ. "ಎಷ್ಟು ಒಳ್ಳೇ ಕಥೆ ಅದು!"

ಕೈಸಾಳ ಕೈ ನಿಂತಿತು.

"ಸುಳ್ಳು ಕಣಪ್ಪ," ಎಂದಳು ಮುಮ್ಮು. ಧ್ವನಿ ಸಣ್ಣಗಿತ್ತು, ಆದರೂ ಕೇಳಿಸಿತು. "ಅದು ನನ್ನ ಮುಖ. ಗರಿ ನಮ್ಮ ಕೋಳಿದು."

ಅವನು ನಗಲು ಹೊರಟವನು ಅವಳನ್ನು ನೋಡಿ ದುರ್ಬೀನನ್ನು ಕಣ್ಣಿಗೇರಿಸಿದ. ಮುಮ್ಮು ಮುಂದಕ್ಕೆ ಬಂದು ಹಲಗೆಯ ಕೆನ್ನೆಗೆ ಅಂಗೈ ಒತ್ತಿ ನಿಂತಳು. ತಟ್ಟಲಿಲ್ಲ, ಬೀಳದಂತೆ ಹಿಡಿದಳು ಅಷ್ಟೆ.

"ತಿರುಗ್ಸು, ಮಗಾ. ನಾನು ಹಿಡ್ಕೊಂಡಿದೀನಿ."

ಕೊನೆಯ ನಟ್ಟು ಕೈಗೆ ಬಂತು. ಹಲಗೆ ಒಮ್ಮೆ ನರಳಿ ಕಂಬ ಬಿಟ್ಟಿತು, ಅದರ ಭಾರವೆಲ್ಲ ಇಬ್ಬರ ತೋಳಿಗೂ ಇಳಿಯಿತು. ಕೆಳಗೆ, ಹಣ್ಣು ಮುಗಿದ ಬ್ಲೂಬೆರಿ ಪೊದೆಗಳು ಕೆಂಪಗೆ ನಿಂತಿದ್ದವು. ಕೈಸಾ ಹಲಗೆಯನ್ನು ಬಸ್ಸಿನ ಕಡೆ ಹೊರಳಿಸಿದಳು.

"ಮುಖ ಕೆಳಗೆ ಮಾಡು," ಎಂದಳು ಮುಮ್ಮು. "ದಾರೀಲಿ ಜನ ನೋಡೋದು ಬೇಡ."