ಕಾಲು ಗಂಟೆಯ ತಪ್ಪೊಪ್ಪಿಗೆ

ಸಂಜೆ ಆರಕ್ಕೆ ಸ್ವಲ್ಪವೇ ಹೊತ್ತಿತ್ತು. ನಟಿ ಎನಿಡ್ ಗಾರ್ಸೈಡ್ ಕೊಲೆಗಳನ್ನು ಒಪ್ಪಿಕೊಳ್ಳುವ ದೃಶ್ಯದ ಚಿತ್ರೀಕರಣ ಇನ್ನೂ ಬಾಕಿ. ಬೆಳಿಗ್ಗೆ ಬೇರೆ ಕಂಪನಿ ಬಂದು ಈ ಸೆಟ್ ಕೀಳಲಿತ್ತು. ಇವತ್ತು ಆಗದಿದ್ದರೆ ಪತ್ತೇದಾರನ ಬಾಯಲ್ಲೇ ಎಲ್ಲ ಹೇಳಿಸಿ ಚಿತ್ರ ಮುಗಿಸುವುದಾಗಿ ನಿರ್ಮಾಪಕರು ಹೇಳಿಬಿಟ್ಟಿದ್ದರು. ವರ್ಷಗಟ್ಟಲೆ ಮನೆಗೆಲಸದವಳ ಪಾತ್ರವನ್ನೇ ಮಾಡಿದ ಎನಿಡ್‌ಗೆ ಸಿಕ್ಕ ಮೊದಲ ದೊಡ್ಡ ದೃಶ್ಯ ಅದು.

ಲಂಡನ್ನಿನ ಹೊರವಲಯದ ನಮ್ಮ ಸಣ್ಣ ಸ್ಟುಡಿಯೊದಲ್ಲೂ ಯೂನಿಯನ್ನಿನ ನಿಯಮವೇ ನಿಯಮ. ಆರಾದ ಮೇಲೆ ಕೆಲಸ ನಡೆಯಬೇಕಾದರೆ ಕಾಲು ಗಂಟೆ ಹೆಚ್ಚಿಗೆ ಕೇಳಬೇಕು, ಕೆಲಸಗಾರರು ಕೈ ಎತ್ತಿ ಒಪ್ಪಬೇಕು. ಕೇಳುವುದು ಸಹಾಯಕ ನಿರ್ದೇಶಕನಾದ ನನ್ನ ಪಾಲಿನ ಕೆಲಸ. ಸಾಮಾನ್ಯವಾಗಿ ಯಾರೂ ಇಲ್ಲವೆನ್ನುತ್ತಿರಲಿಲ್ಲ. ಆದರೆ ಮಧ್ಯಾಹ್ನ ನಿರ್ದೇಶಕ ಹ್ಯೂಗೋ ಪೆಂಡ್ರಿ ಚಹಾದ ಗಾಡಿಯನ್ನು ಬಾಗಿಲಲ್ಲೇ ತಡೆದು, ಲೈಟಿನವರ ಮುಖಂಡ ಆಲ್ಫ್ ಸ್ಟಬ್ಲಿಗೆ, "ಬರೋದು ಕುಡಿಯೋಕಾ, ಕೆಲಸಕ್ಕಾ?" ಎಂದಿದ್ದ.

"ಆಲ್ಫ್, ಕಾಲು ಗಂಟೆ ಬೇಕಿತ್ತು," ಎಂದೆ.

"ನಿನಗಾದ್ರೆ ಕೊಡ್ತಿದ್ದೆ ಕಣಪ್ಪ. ಅವರಿಗೆ ಬೇಕಿದ್ರೆ ಅವರೇ ಬಂದು ಕೇಳ್ಲಿ. ನಮ್ಮವರೆಲ್ಲರ ಎದುರಿಗೆ."

ಪೆಂಡ್ರಿ ಕುರ್ಚಿ ಬಿಟ್ಟು ಏಳಲಿಲ್ಲ. "ನಾನು ಹೋಗಿ ಅವನ ಹತ್ರ ಬೇಡೋದಾ?"

ಎನಿಡ್ ಅವನ ಮುಂದೆ ಬಂದು ನಿಂತಳು. "ಬೇಡಬೇಡಿ, ಮಿಸ್ಟರ್ ಪೆಂಡ್ರಿ. ತಪ್ಪಾಯ್ತು ಅಂದ್ರೆ ಸಾಕು. ನಾನು ಮೂರು ಕೊಲೆ ಒಪ್ಕೋಬೇಕು. ನಿಮ್ಮ ಕೈಲಿ ಒಂದು ಕಪ್ ಚಹಾದ ತಪ್ಪು ಒಪ್ಕೊಳ್ಳೋಕಾಗಲ್ವಾ?"

ಮೇಲೆ ದೀಪಗಳ ಅಟ್ಟದಿಂದ ಯಾರೋ ನಕ್ಕರು. ಪೆಂಡ್ರಿಯ ಕಿವಿ ಕೆಂಪಾಯಿತು. ಎದ್ದು ಹೋಗಿ, "ತಪ್ಪಾಯ್ತು, ಮಿಸ್ಟರ್ ಸ್ಟಬ್ಲಿ," ಎಂದ.

"ಇನ್ನೊಂದ್ಸಲ ಹೇಳಿ. ಮೇಲಿರೋರಿಗೆ ಕೇಳಿಸ್ಲಿಲ್ಲ."

ಪೆಂಡ್ರಿ ಮತ್ತೆ ಹೇಳಿದ. ಕೈಗಳು ಮೇಲೆದ್ದವು.

ಪತ್ತೇದಾರನ ಪಾತ್ರಧಾರಿ ಎರಡು ಸಲ ಮಾತು ತಪ್ಪಿದ. ಮೂರನೆಯ ಸಲ ಕ್ಯಾಮೆರಾ ಓಡತೊಡಗಿದಾಗ ಸ್ಟಬ್ಲಿಯ ಒಂದು ಕೈ ಆಗಲೇ ಮುಖ್ಯ ಸ್ವಿಚ್ಚಿನ ಮೇಲಿತ್ತು, ಕಣ್ಣು ಗೋಡೆಯ ಗಡಿಯಾರದ ಮೇಲೆ. ಕಾಲು ಗಂಟೆ ಅಂದರೆ ಕಾಲು ಗಂಟೆ. ಒಂದು ನಿಮಿಷ ಹೆಚ್ಚು ಬಿಟ್ಟರೆ ನಾಳೆಯಿಂದ ಯಾವ ನಿರ್ದೇಶಕನೂ ಕೇಳುವ ಗೋಜಿಗೆ ಹೋಗುವುದಿಲ್ಲ. ಅದು ನನಗೂ ಗೊತ್ತಿತ್ತು. ಎನಿಡ್ ಮೊದಲನೆಯ ಕೊಲೆ ಹೇಳಿದಳು. ಎರಡನೆಯದನ್ನೂ ಹೇಳಿದಳು. ಸ್ವಿಚ್ ಕೆಳಗಿಳಿಯಿತು.

ಕಗ್ಗತ್ತಲು. ಎನಿಡ್ ನಿಲ್ಲಿಸಲಿಲ್ಲ. ಅದೇ ದನಿಯಲ್ಲಿ, ಅವಸರವಿಲ್ಲದೆ, ಸ್ವಂತ ತಂಗಿಯನ್ನು ಹೇಗೆ ಕೊಂದೆ ಎಂದು ಕೊನೆಯವರೆಗೂ ಹೇಳಿದಳು. ಧ್ವನಿಮುದ್ರಣದವನು ಯಂತ್ರವನ್ನು ಓಡಲು ಬಿಟ್ಟ.

"ಕಟ್," ಎಂದ ಪೆಂಡ್ರಿ.

ಚಿತ್ರದಲ್ಲಿ ಆ ದೃಶ್ಯ ಹಾಗೇ ಉಳಿಯಿತು: ಅರ್ಧ ಎನಿಡ್‌ಳ ಮುಖ, ಇನ್ನರ್ಧ ಕತ್ತಲೆಯಲ್ಲಿ ಅವಳ ದನಿ.