ನಲ್ಲಿಯವರೆಗೆ ನಡೆದು ನೋಡಿ

ಆ ದಿನ ಬೆಳಿಗ್ಗೆ ಅಪ್ಪ ದೊಡ್ಡ ಹೊಲಿಗೆ ಯಂತ್ರವನ್ನು ಒರೆಸುತ್ತಿದ್ದ. ಚಕ್ರ ಒರೆಸಿದ, ಸೂಜಿಯ ಕತ್ತು ಒರೆಸಿದ, ಕಾಲಿಗೆ ಅಂಟಿದ್ದ ಹಳೆಯ ಗೋಂದನ್ನು ಉಗುರಿನಿಂದ ಕೆರೆದು ತೆಗೆದ. ಮನೆ ಬಿಟ್ಟು ಹೋಗುವವರಿಗೆ ತಲೆ ಬಾಚಿ ಕಳಿಸುವ ಹಾಗಿತ್ತು ಅವನ ಕೈ. ಸಂಜೆ ಅದನ್ನು ಕೊಳ್ಳುವವರು ಬರುವವರಿದ್ದರು.

ನಮ್ಮಪ್ಪ ಬೂಟು, ಚಪ್ಪಲಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬರೀ ಕೈಯಿಂದ ಅಟ್ಟೆ ಹೊಲಿಯುತ್ತ ಕೂತರೆ ದಿನವಿಡೀ ಬೆನ್ನು ಬಗ್ಗಿಸಿದರೂ ಒಂದು ಜೊತೆ ಮುಗಿಯುವುದು ಕಷ್ಟ. ಆ ಯಂತ್ರದಿಂದಲೇ ನಮ್ಮ ಮನೆಯ ಒಲೆ ಉರಿಯುತ್ತಿದ್ದದ್ದು. ಅದನ್ನೇ ಮಾರಿ ಅಕ್ಕನಿಗೆ ಲ್ಯಾಪ್‌ಟಾಪ್ ತರಲು ಅಪ್ಪ ಹೊರಟಿದ್ದ.

ಅಕ್ಕ ಅಂಗಡಿ ಮುಂಗಟ್ಟುಗಳ ಲೆಕ್ಕಪತ್ರ ನೋಡಿಕೊಳ್ಳುವ ಕೆಲಸ ಕಲಿಯಲು ಸೇರಿದ್ದಳು. ಲ್ಯಾಪ್‌ಟಾಪ್ ಇರಲೇಬೇಕು ಎಂದು ಅಲ್ಲಿ ಕಲಿಸುವವರು ಹೇಳಿದ್ದರು. ಅದು ನ್ಯಾಯವೇ. ಹಿಂದಿನ ದಿನ ನಾವು ಮೂವರೂ ದೊಡ್ಡ ರಸ್ತೆಯ ಗಾಜಿನ ಅಂಗಡಿಗೆ ಹೋಗಿದ್ದೆವು. ಅಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ತೆರೆಯಬಾರದ ಏಳನೆಯ ಕೋಣೆಯೊಂದು ಇರುತ್ತದಲ್ಲ, ಹಾಗಿತ್ತು ಒಳಗೆ. ಎಲ್ಲಿ ನೋಡಿದರೂ ಹೊಳಪು. ಒಂದು ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ ಕೆಂಪು, ನೀಲಿ, ಹಸಿರು ಬೆಳಕು ಹರಿದಾಡುತ್ತಿತ್ತು. ಪರದೆಯ ಮೇಲೆ ಒಂದು ಹಕ್ಕಿ ರೆಕ್ಕೆ ಬಿಚ್ಚುತ್ತಿತ್ತು. ಮತ್ತೆ ಮತ್ತೆ ಅದೇ ಹಕ್ಕಿ.

ಮಾರಾಟಗಾರ ಚೂಪು ಮೂತಿಯ ಕರಿ ಬೂಟು ಹಾಕಿಕೊಂಡಿದ್ದ. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. "ಎಷ್ಟರಲ್ಲಿ ಬೇಕು ಸಾರ್?" ಎಂದು ಅಪ್ಪನನ್ನು ಕೇಳಿದ. ಅಪ್ಪ ಹೇಳಿದ. ಅವನು ನಕ್ಕ.

"ಅಷ್ಟಕ್ಕೆ ಬರೋದು ಆಟದ ಸಾಮಾನು ಸಾರ್. ಇದು ನೋಡಿ, ಹೈ ಪರ್ಫಾರ್ಮೆನ್ಸ್! ಇದರ ಮುಂದೆ ಉಳಿದಿದ್ದೆಲ್ಲ ಕುಂಟು ಕುದುರೆ."

ಬೆಲೆಯ ಚೀಟಿ ನೋಡಿ ಅಪ್ಪ ಕತ್ತು ಕೆರೆದುಕೊಂಡ. ಆಗ ಆ ಮನುಷ್ಯ ಬಗ್ಗಿ, ಗುಟ್ಟು ಹೇಳುವವನ ಹಾಗೆ ಅಂದ: "ಮಗಳ ಭವಿಷ್ಯ ಸಾರ್. ಅದರಲ್ಲೂ ಚೌಕಾಸಿ ಮಾಡ್ತೀರಾ?"

ಆ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅಕ್ಕ ಏನು ಓದುತ್ತಾಳೆ ಎಂದು ಕೇಳಲಿಲ್ಲ. ಅವಳ ಕೆಲಸಕ್ಕೆ ಏನು ಬೇಕು ಎಂದು ಕೇಳಲಿಲ್ಲ. ಅಪ್ಪನ ಎದೆಯಲ್ಲಿ ಎಲ್ಲಿ ಮುಟ್ಟಿದರೆ ನೋಯುತ್ತದೆ ಎನ್ನುವುದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅಪ್ಪ ತಲೆ ತಗ್ಗಿಸಿ, "ನಾಳಿದ್ದು ಬರ್ತೀನಿ" ಎಂದು ಹೊರಬಂದ.

ಇಂಥದ್ದಕ್ಕೆ ಅಜ್ಜಿಯ ಹತ್ತಿರ ಒಂದು ಕಥೆಯಿತ್ತು. ಒಬ್ಬ ಮುದುಕಿ ಒಂದು ಬುಟ್ಟಿ ಹೂವನ್ನು ಪೇಟೆಗೆ ಸಾಗಿಸಬೇಕಿತ್ತು. "ಇಷ್ಟು ಚಂದದ ಹೂವನ್ನ ಕತ್ತೆ ಮೇಲೆ ಹೇರ್ತೀಯಾ? ಹೂವಿಗೇ ಅವಮಾನ! ಆನೆ ತಗೋ" ಎಂದ ವ್ಯಾಪಾರಿ. ಮುದುಕಿ ಮನೆ ಮಾರಿ ಆನೆ ತಂದಳು. ಮೊದಲ ರಾತ್ರಿಯೇ ಆನೆ ಆ ಹೂವನ್ನೇ ತಿಂದಿತು.

ಅಪ್ಪ ಯಂತ್ರದ ಚಕ್ರ ಒರೆಸುವುದನ್ನು ನೋಡುತ್ತ ನನಗೆ ಆ ಆನೆಯೇ ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಕಿತ್ತುಹೋದ ಚಪ್ಪಲಿ ಹಿಡಿದು, ಒಂದು ಕಾಲು ಬರಿದಾಗಿ, ಮಹಡಿ ಮನೆಯ ಸಿನಿಮಾ ಅತ್ತೆ ಮೆಟ್ಟಿಲಿಳಿದು ಬಂದಳು. ಅವಳಿಗೆ ಆ ಹೆಸರಿಟ್ಟವಳು ನಾನೇ. ಅವಳು ಮದುವೆಯ ವಿಡಿಯೊಗಳನ್ನು ಕತ್ತರಿಸಿ ಜೋಡಿಸಿ, ಹಾಡು ಸೇರಿಸಿ, ಸಿನಿಮಾದ ಹಾಗೆ ಮಾಡಿಕೊಡುವವಳು. ಅದೇ ಅವಳ ಹೊಟ್ಟೆಪಾಡು.

"ಏನಣ್ಣಾ, ಇವತ್ತು ಯಂತ್ರಕ್ಕೆ ಸ್ನಾನವಾ?"

"ಕೊಡ್ತಾ ಇದೀನಿ."

"ಯಾರಿಗೆ?"

"ತಗೊಳ್ಳೋರಿಗೆ," ಎಂದ ಅಪ್ಪ.

ಅತ್ತೆ ನನ್ನ ಮುಖ ನೋಡಿದಳು. ನಾನು ಎಲ್ಲವನ್ನೂ ಒದರಿಬಿಟ್ಟೆ. ಗಾಜಿನ ಅಂಗಡಿ, ಹರಿದಾಡುವ ಬೆಳಕು, ಹಕ್ಕಿ, ಬೆಲೆ. ಕೇಳುತ್ತ ಕೇಳುತ್ತ ಅವಳ ಹುಬ್ಬು ಮೇಲೇರಿತು.

"ಅಯ್ಯೋ ಅಣ್ಣಾ! ಅದು ನನ್ನ ಹತ್ತಿರ ಇರೋ ಥರದ್ದು. ನಿನ್ನ ಮಗಳಿಗೆ ಅದು ಬೇಡವೇ ಬೇಡ. ಅದರ ಅರ್ಧ ಬೆಲೇದು ಧಾರಾಳ ಸಾಕು."

ಅಪ್ಪನ ಕೈಯಲ್ಲಿದ್ದ ಬಟ್ಟೆ ನಿಂತಿತು.

"ಓಹೋ. ನಿನಗೆ ಒಳ್ಳೇದು, ನನ್ನ ಮಗಳಿಗೆ ಅಗ್ಗದ್ದಾ? ಬೂಟು ಹೊಲಿಯೋನ ಮಗಳಿಗೆ ಅಷ್ಟು ಸಾಕು ಅಂತನಾ? ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಬುದ್ಧಿ ಹೇಳೋಕೆ ಬಂದ್ಯಾ?"

ಬೇರೆ ಯಾರಾದರೂ ಆಗಿದ್ದರೆ ಕಿತ್ತ ಚಪ್ಪಲಿಯಲ್ಲೇ ಹೊರಟುಹೋಗುತ್ತಿದ್ದರು. ಅತ್ತೆ ಹೋಗಲಿಲ್ಲ. ಅವಳಿಗೂ ಸಿಟ್ಟು ಬಂದಿತ್ತು, ಆದರೆ ಅಪ್ಪನ ಮೇಲಲ್ಲ.

"ನಿನ್ನ ಕೈಲಿ ಈ ಮಾತು ಆಡಿಸಿದೋರು ಯಾರು ಗೊತ್ತಾ? ಆ ಅಂಗಡಿಯೋನು. ದುಬಾರಿ ಅಂದ್ರೆ ಮರ್ಯಾದೆ, ಅಗ್ಗ ಅಂದ್ರೆ ಅವಮಾನ ಅಂತ ನಿನ್ನ ಕಿವಿಗೆ ಹೂ ಇಟ್ಟು ಕಳಿಸಿದಾನೆ. ಇರು, ಬಂದೆ."

ಮೇಲೆ ಹೋಗಿ ತನ್ನ ಲ್ಯಾಪ್‌ಟಾಪ್ ತಂದು, ಅಪ್ಪನ ಚರ್ಮ ಕತ್ತರಿಸುವ ಹಲಗೆಯ ಮೇಲೆ ದೊಪ್ಪನೆ ಇಟ್ಟಳು.

"ಎತ್ತು ನೋಡೋಣ."

ಅಕ್ಕ ಎತ್ತಿದಳು. "ಅಮ್ಮಾ! ಅತ್ತೆ, ಇದನ್ನ ಹೊತ್ತು ಬಸ್ಸಲ್ಲಿ ನಿಂತ್ಕೊಂಡು ಹೋದ್ರೆ ಹೆಗಲು ಕಳಚುತ್ತೆ."

"ಇನ್ನೂ ಕೇಳು." ಅತ್ತೆ ಒಂದು ಮದುವೆಯ ಸಿನಿಮಾ ತೆರೆದು ಕೆಲಸಕ್ಕೆ ಹಚ್ಚಿದಳು. ಒಳಗಿನ ಫ್ಯಾನ್ ಬುಸುಗುಟ್ಟಲು ಶುರುವಾಯಿತು. ತಳ ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು. "ಹಳೇದರಲ್ಲಿ ಒಂದು ಮದುವೆ ಮುಗಿಸೋಕೆ ರಾತ್ರಿಯೆಲ್ಲ ಕಾಯ್ತಿದ್ದೆ. ಇದು ನಾನು ಊಟ ಮಾಡಿ ಏಳೋದ್ರೊಳಗೆ ಮುಗಿಸುತ್ತೆ. ಉಳಿದ ಹೊತ್ತಲ್ಲಿ ಇನ್ನೊಂದು ಕೆಲಸ ಹಿಡೀತೀನಿ. ಅದಕ್ಕೇ ನಾನು ಇದಕ್ಕೆ ಹಾಕಿದ ದುಡ್ಡು ವಾಪಸ್ ಬಂತು. ಚಿತ್ರಕ್ಕೆ ಅಂತಾನೇ ದುಡಿಯೋ ಗ್ರಾಫಿಕ್ಸ್ ಕಾರ್ಡ್ ಅಂತ ಒಂದು ಎತ್ತು ಇದರೊಳಗಿದೆ. ಹೆಚ್ಚಿನ ದುಡ್ಡೆಲ್ಲ ಅದಕ್ಕೇ. ನಿನ್ನ ಮಗಳ ಲೆಕ್ಕದ ಕೆಲಸದಲ್ಲಿ ಆ ಎತ್ತು ಕೊಟ್ಟಿಗೇಲಿ ಮಲಗಿರುತ್ತೆ. ಮೇವು ಮಾತ್ರ ನೀನು ಪೂರ್ತಿ ಹಾಕಿರ್ತೀಯ."

ಮೂಗಿಗಿಂತ ಮೂಗುತಿ ಭಾರ ಎನ್ನುವುದು ಅಪ್ಪನಿಗೂ ಕಾಣುತ್ತಿತ್ತು. ಆದರೆ ನೊಂದ ಮನಸ್ಸು ಅಷ್ಟು ಬೇಗ ಬಗ್ಗುವುದಿಲ್ಲ.

"ಹಾಗಾದ್ರೆ ಎಲ್ಲಕ್ಕಿಂತ ಅಗ್ಗದ್ದನ್ನೇ ತಂದು ಬಿಸಾಕ್ತೀನಿ ಬಿಡು!"

"ಅದೂ ಬೇಡ ಮಾರಾಯ! ಸಣ್ಣ ಬೂಟು ಕೊಟ್ರೆ ಕಾಲು ಕಚ್ಚಲ್ವಾ?"

ಆಗ ಅಕ್ಕ ಬಾಯಿ ಬಿಟ್ಟಳು. ಮೆಲ್ಲಗೆ, ಅಪ್ಪನ ಮುಖ ನೋಡದೆ. "ಅಪ್ಪಾ, ನಲ್ಲಿವರೆಗೆ ನಡೆದು ನೋಡಬಹುದಲ್ವಾ?"

ಇದನ್ನು ನಿಮಗೆ ಬಿಡಿಸಿ ಹೇಳಬೇಕು. ನಮ್ಮ ಅಂಗಡಿಯಲ್ಲಿ ಒಂದು ನಿಯಮವಿದೆ. ಎಷ್ಟೇ ಅವಸರವಿರಲಿ, ಎಷ್ಟೇ ದೊಡ್ಡ ಮನುಷ್ಯರಿರಲಿ, ಕೊಳ್ಳುವವರು ಹೊಸ ಬೂಟು ಹಾಕಿಕೊಂಡು ಬೀದಿಯ ಕೊನೆಯ ನಲ್ಲಿಯವರೆಗೆ ಹೋಗಿ ಬರದೆ ಅಪ್ಪ ಅದನ್ನು ಮಾರುವುದಿಲ್ಲ. "ಕೂತು ನೋಡಿದ್ರೆ ಎಲ್ಲ ಬೂಟೂ ಚೆಂದವೇ. ನಡೆದಾಗ ಬಣ್ಣ ಬಯಲಾಗುತ್ತೆ" ಅನ್ನುತ್ತಾನೆ. ಬೇಸರದಿಂದ ಗೊಣಗುತ್ತ ಹೋದವರು ಎಷ್ಟೋ ಸಲ ಅರ್ಧ ದಾರಿಯಲ್ಲೇ ತಿರುಗಿ ಬಂದು, "ಇಲ್ಲಿ ಸ್ವಲ್ಪ ಒತ್ತುತ್ತೆ" ಎಂದದ್ದುಂಟು.

ಅಪ್ಪ ಕೈಯಲ್ಲಿದ್ದ ಬಟ್ಟೆಯನ್ನು ಯಂತ್ರದ ಮೇಲೆ ಹಾಕಿದ. ಆಮೇಲೆ ಎದ್ದು ಅಂಗಿ ಹಾಕಿಕೊಂಡ. ಕಿವಿಯ ತುದಿ ಕೆಂಪಾಗಿತ್ತು. ಅದು ನಾಚಿಕೆಯಲ್ಲ, ಕೋಪ.

"ನಡೀರಿ," ಎಂದ. "ನಿನ್ನ ತರಗತಿಯ ಕೆಲಸ ಯಾವುದಿದೆಯೋ ಎಲ್ಲ ತಗೋ."

ಅಕ್ಕನ ಪಾಠಗಳು, ತರಗತಿಯ ಕಂಪ್ಯೂಟರಿನಲ್ಲಿ ಮಾಡಿದ್ದ ಅವಳ ಅತಿ ದೊಡ್ಡ ಲೆಕ್ಕದ ಕೋಷ್ಟಕ ಎಲ್ಲವೂ ಒಂದು ಪೆನ್‌ಡ್ರೈವಿನಲ್ಲಿದ್ದವು. ಒಂದು ಕಾಲಿಗೆ ನನ್ನ ಚಪ್ಪಲಿ ಸಿಕ್ಕಿಸಿಕೊಂಡು ಅತ್ತೆಯೂ ಬಂದಳು.

ಅಂಗಡಿಯಲ್ಲಿ ಅದೇ ಮಾರಾಟಗಾರ, ಅದೇ ನಗು, ಅದೇ ಹಕ್ಕಿ.

"ಬಂದ್ರಾ ಸಾರ್! ಪ್ಯಾಕ್ ಮಾಡಿಸ್ಲಾ?"

"ಮಗಳು ಇದರಲ್ಲಿ ತನ್ನ ಕೆಲಸ ಮಾಡಿ ನೋಡಬೇಕು."

"ಸಾರಿ ಸಾರ್. ಇಟ್ಟಿರೋ ಪೀಸ್ ಮುಟ್ಟೋ ಹಾಗಿಲ್ಲ. ವಿಡಿಯೊ ಓಡ್ತಾ ಇದೆಯಲ್ಲ, ನೋಡಿ."

ಅಪ್ಪನ ದನಿ ಏರಿತು. ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. "ನನ್ನ ಮಗಳು ಹಕ್ಕಿ ಹಾರಿಸೋಕೆ ಓದ್ತಾ ಇಲ್ಲ! ನನ್ನ ಅನ್ನದ ಯಂತ್ರ ಮಾರಿ ಇಲ್ಲಿಗೆ ಬರೋನಿದ್ದೆ. ನಿನ್ನೆ ಅವಳನ್ನ ಒಂದೇ ಒಂದು ಮಾತು ಕೇಳಿದ್ರಾ? ಏನು ಕೆಲಸ ಅಂತ ಕೇಳಿದ್ರಾ? ನನ್ನ ಜೇಬು ಕೇಳಿದ್ರಿ, ಅಷ್ಟೇ. ಕಾಲು ನೋಡದೆ ಬೂಟು ಮಾರೋನನ್ನ ನಮ್ಮಲ್ಲಿ ಕಳ್ಳ ಅಂತಾರೆ!"

"ಹೌದಲ್ವಾ, ನಮಗೂ ಮುಟ್ಟೋಕೆ ಬಿಡಲಿಲ್ಲ," ಎಂದರು ಪಕ್ಕದಲ್ಲಿ ನಿಂತಿದ್ದ ಒಬ್ಬ ತಾಯಿ.

ಮಾರಾಟಗಾರ ಆಚೀಚೆ ನೋಡಿದ. ಆಮೇಲೆ ಹಕ್ಕಿಯನ್ನು ನಿಲ್ಲಿಸಿದ.

ಅತ್ತೆ ಮೂರು ಲ್ಯಾಪ್‌ಟಾಪ್‌ಗಳನ್ನು ಪಕ್ಕಪಕ್ಕ ಇಡಿಸಿದಳು: ದುಬಾರಿಯದು, ನಡುವಿನದು, ಎಲ್ಲಕ್ಕಿಂತ ಅಗ್ಗದ್ದು. ಅಕ್ಕ ಮೂರರಲ್ಲೂ ಒಂದೇ ಕೆಲಸ ಮಾಡಿದಳು. ಪಾಠದ ವಿಡಿಯೊ ಓಡುತ್ತಿರುವಾಗಲೇ ದೊಡ್ಡ ಕೋಷ್ಟಕ ತೆರೆದಳು. ದುಬಾರಿಯದರಲ್ಲಿ ಕಣ್ಣು ಮಿಟುಕಿಸುವುದರಲ್ಲಿ ಬಂತು. ನಡುವಿನದರಲ್ಲೂ ಕಣ್ಣು ಮಿಟುಕಿಸುವುದರಲ್ಲೇ ಬಂತು. ಅಗ್ಗದ್ದರಲ್ಲಿ ಪಾಠ ಹೇಳುತ್ತಿದ್ದವರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ಒಂದು ಸಣ್ಣ ಚಕ್ರ ಸುತ್ತಿತು, ಸುತ್ತಿತು, ಸುತ್ತುತ್ತಲೇ ಇತ್ತು.

"ಇದು ಕಚ್ಚುತ್ತೆ," ಎಂದ ಅಪ್ಪ ಅಗ್ಗದ್ದನ್ನು ತೋರಿಸಿ. ದುಬಾರಿಯದರ ಕಡೆ ತಿರುಗಿ, "ಇದು ಒಬ್ಬರ ಕಾಲಿಗೆ ಇಬ್ಬರ ಬೂಟು."

ಅತ್ತೆ ಬಿಡಲಿಲ್ಲ. ನಡುವಿನದರ ಮೇಲೇ ಪ್ರಶ್ನೆಗಳ ಮಳೆ ಸುರಿಸಿದಳು. ನಡುವೆ ಚಾರ್ಜ್ ಮಾಡದೆ ತರಗತಿ ಮುಗಿಯೋವರೆಗೆ ನಿಲ್ಲುತ್ತಾ? ಮುಂದೆ ಸಾಲದೆ ಬಂದರೆ ಮೆಮರಿ ಹೆಚ್ಚಿಸೋಕೆ ಬರುತ್ತಾ? ಒಳಗೆ ಬೇಗ ತೆರೆಯೋ ಎಸ್‌ಎಸ್‌ಡಿ ಇದೆಯಾ, ಹಳೇ ಥರದ ಡಿಸ್ಕಾ? ಕೆಟ್ಟರೆ ರಿಪೇರಿ ಇದೇ ಊರಲ್ಲಾ, ಇಲ್ಲಾ ಕೊರಿಯರ್‌ನಲ್ಲಿ ಕಳಿಸಿ ಕಾಯಬೇಕಾ? ಅವನು ಒಂದೊಂದಕ್ಕೂ ಉತ್ತರ ಕೊಟ್ಟ. ಎಲ್ಲವೂ ಗೊತ್ತಿತ್ತು ಅವನಿಗೆ! ನಿನ್ನೆಯೂ ಗೊತ್ತಿತ್ತು. ಅದನ್ನೇ ನನಗೆ ತಡೆಯಲಾಗಲಿಲ್ಲ.

"ಮತ್ತೆ ನಿನ್ನೆ ಯಾಕೆ ಹೇಳಲಿಲ್ಲ?" ಎಂದೆ.

ಅವನು ದನಿ ತಗ್ಗಿಸಿದ. "ದೊಡ್ಡದು ಮಾರಿದ್ರೆ ನನಗೆ ಕಮಿಷನ್ ದೊಡ್ಡದು ತಂಗಿ. ಚಿಕ್ಕದು ಮಾರಿದ್ರೆ ಮೇಲಿನೋರು ಮುಖ ಗಂಟು ಹಾಕ್ತಾರೆ. ಬಂದೋರು ಯಾರೂ ಕೇಳೋದೂ ಇಲ್ಲ."

ಅಪ್ಪ ಅವನ ಮುಖ ನೋಡುತ್ತಿರಲಿಲ್ಲ. ಕಾಲು ನೋಡುತ್ತಿದ್ದ. ಆ ಚೂಪು ಬೂಟಿನಲ್ಲಿ ಅವನು ಎಡಗಾಲನ್ನು ಓರೆಯಾಗಿ ಊರುತ್ತಿದ್ದ.

"ಹಿಮ್ಮಡೀಲಿ ಬೊಬ್ಬೆ ಬಂದಿದೆ ಅಲ್ವಾ?"

"ಹೂಂ ಸಾರ್. ಅಂಗಡೀಲಿ ನೋಡೋಕೆ ಚೆನ್ನಾಗಿತ್ತು..."

"ನಡೆದು ನೋಡಲಿಲ್ಲ."

"ಇಲ್ಲ ಸಾರ್."

ಅಪ್ಪನ ಕೋಪ ಇಳಿದಿರಲಿಲ್ಲ. ಆದರೂ ಅಂದ, "ನಾಳೆ ಬಾ. ಬೂಟನ್ನ ಮರದ ಅಚ್ಚಿಗೆ ಹಾಕಿ ಹಿಗ್ಗಿಸಿ ಕೊಡ್ತೀನಿ. ಆದ್ರೆ ಇಲ್ಲಿ ಇನ್ನೊಬ್ಬ ತಂದೆಗೆ ಆ ಮಾತು ಹೇಳಬೇಡ. ಮಗಳ ಭವಿಷ್ಯ ಅನ್ನೋ ಮಾತು."

ನಡುವಿನ ಲ್ಯಾಪ್‌ಟಾಪನ್ನೇ ತಂದೆವು. ಮನೆಯಲ್ಲಿ ಕೂಡಿಟ್ಟಿದ್ದೇ ಅದಕ್ಕೆ ಸಾಕಾಯಿತು. ಸಂಜೆ ಯಂತ್ರ ಕೊಳ್ಳಲು ಬಂದವರಿಗೆ ನೀರು ಕೊಟ್ಟು ಕಳಿಸಿದೆವು. ಅವರು ಬೀದಿ ದಾಟುವ ಮೊದಲೇ ಯಂತ್ರ ಟಕಟಕ ಎಂದಿತು. ಅಪ್ಪ ಸಿನಿಮಾ ಅತ್ತೆಯ ಚಪ್ಪಲಿ ಹೊಲಿಯುತ್ತಿದ್ದ. ಪಕ್ಕದಲ್ಲೇ ಕುಳಿತು ಅಕ್ಕ ಕೀಲಿ ಒತ್ತುತ್ತಿದ್ದಳು. ಚಪ್ಪಲಿ ಮುಗಿದ ಮೇಲೆ ಅಪ್ಪ ಅದನ್ನು ಅತ್ತೆಯ ಮುಂದಿಟ್ಟು, ಬೀದಿಯ ಕಡೆ ಕೈ ತೋರಿಸಿದ.

"ಗೊತ್ತು ಬಿಡಣ್ಣಾ," ಎಂದು ನಗುತ್ತ ಅವಳು ನಲ್ಲಿಯ ಕಡೆ ಹೊರಟಳು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಇವತ್ತಲ್ಲ ನಾಳೆ ಲ್ಯಾಪ್‌ಟಾಪಿನ ಮಾತು ಬಂದೇ ಬರುತ್ತದೆ. ಬೆಲೆ ಕೇಳುವ ಮುಂಚೆ, ಅದರಲ್ಲಿ ಕೆಲಸ ಮಾಡುವವರನ್ನು ಕೇಳಿ: ನಿನ್ನ ಕೆಲಸ ಏನು? ವಿಡಿಯೊ ಜೋಡಿಸುವವರಿಗೆ, ದೊಡ್ಡ ಕಟ್ಟಡಗಳ ನಕ್ಷೆ ಬರೆಯುವವರಿಗೆ ದುಬಾರಿಯದು ಬೇಕಾಗಬಹುದು. ಬೇಕಿದ್ದರೆ ಅಳುಕದೆ ಕೊಳ್ಳಿ, ಅದು ದುಡಿದು ತೀರಿಸುತ್ತದೆ. ಓದು, ಬರಹ, ಲೆಕ್ಕಕ್ಕೆ ನಡುವಿನದು ಸಾಕು. ನಿಮ್ಮ ಕೆಲಸವನ್ನು ಅಂಗಡಿಗೇ ಒಯ್ದು, ನಿಮ್ಮ ಕೈಯಿಂದಲೇ ಮಾಡಿ ನೋಡಿ. ಮುಟ್ಟಬೇಡಿ ಎಂದರೆ ಆ ಅಂಗಡಿಯ ಮೆಟ್ಟಿಲಿಳಿದು ಬನ್ನಿ. ನಿಮ್ಮ ಮಕ್ಕಳ ಹೆಸರು ಹೇಳಿ ನಿಮ್ಮನ್ನು ಹೆದರಿಸಿದರೆ ಹೆದರಬೇಡಿ, ರೇಗಿ. ಗಟ್ಟಿಯಾಗಿಯೇ ರೇಗಿ, ಪಕ್ಕದಲ್ಲಿ ನಿಂತವರಿಗೂ ಕೇಳಿಸಲಿ.

ಆನೆ ಮಾರುವವನು ಹೂವಿನ ಬಗ್ಗೆ ಎಷ್ಟೇ ಚೆಂದದ ಮಾತಾಡಲಿ, ಬುಟ್ಟಿ ನಿಮ್ಮ ಕೈಯಲ್ಲೇ ಇರಲಿ.